ಎರಡು ಮೇಳ, ಒಂದು ಶುಭ ಶುಕ್ರವಾರ

ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ನೆದರ್ಲೆಂಡ್ಸಿನ ಯಾವ ಊರಿಗೆ ಹೋದರೂ ಚರ್ಚಿನ ಬಾಗಿಲಲ್ಲಿ ಒಂದು ಪೋಸ್ಟರ್ ಕಾಣುತ್ತದೆ. ಜನ ಪೂರ್ತಿ ಹೆಸರು ಹೇಳುವುದೂ ಇಲ್ಲ, ಬರೀ ‘ಮತೇಯುಸ್’ ಅನ್ನುತ್ತಾರೆ. ಯೋಹಾನ್ ಸೆಬಾಸ್ಟಿಯನ್ ಬಾಖ್ ಬರೆದ ಸಂತ ಮತ್ತಾಯನ ಪ್ಯಾಶನ್, ಯೇಸುವಿನ ಯಾತನೆ ಮತ್ತು ಮರಣದ ಸಂಗೀತ ಕಥನ, ಅದು. ಮತ್ತಾಯನ ಸುವಾರ್ತೆಯ 26 ಮತ್ತು 27ನೇ ಅಧ್ಯಾಯಗಳು ಲೂಥರನ ಜರ್ಮನ್ ಮಾತಿನಲ್ಲಿ, ನಡುನಡುವೆ ಪಿಕಾಂಡರ್ ಎಂಬ ಕವಿಯ ಪದ್ಯಗಳು, ಆ ಕಾಲದ ಸಭೆಗೆ ಬಾಯಿಪಾಠವಿದ್ದ ಸಭಾಗೀತೆಗಳಾದ ಕೋರಾಲ್‌ಗಳು. ಹಾಡಿ ಮುಗಿಸಲು ಎರಡೂಮುಕ್ಕಾಲು ಗಂಟೆ ಬೇಕು. ಆಮ್ಸ್ಟರ್‌ಡಾಮಿನಲ್ಲಿ ವಿಲೆಮ್ ಮೆಂಗೆಲ್‌ಬರ್ಗ್ 1899ರಲ್ಲಿ ಇದನ್ನು ಹಾಡಿಸತೊಡಗಿದ ಮೇಲೆ ಗರಿಗಳ ಭಾನುವಾರಕ್ಕೆ ಇದು ವಾಡಿಕೆಯಾಯಿತು. ನಾರ್ದನ್ ಊರಿನ ದೊಡ್ಡ ಚರ್ಚಿನಲ್ಲಿ 1922ರಿಂದ ಬಾಖ್ ಸಂಘದವರು ಹಾಡುತ್ತಿದ್ದಾರೆ. ಅವರೆಲ್ಲ ಹೆಸರಾದವರು. ಇಲ್ಲಿ ಹೇಳಹೊರಟಿರುವುದು ಸಣ್ಣ ಊರೊಂದರ ಹವ್ಯಾಸಿ ಕ್ವಾಯರ್ (ಗಾಯಕರ ಮೇಳ) ಸೆಪ್ಟೆಂಬರಿನಲ್ಲಿ ಪುಸ್ತಕ ತೆರೆದು ಶುಭ ಶುಕ್ರವಾರದ ಸಂಜೆ ಅದನ್ನು ಮುಚ್ಚುವವರೆಗೆ ಒಳಗೆ ನಡೆಯುವ ಕೆಲಸದ ಬಗ್ಗೆ.

ಮೊದಲು ತಲೆ ಎಣಿಕೆ. ಕೃತಿಗೆ ಎರಡು ಕ್ವಾಯರ್, ಎರಡು ಆರ್ಕೆಸ್ಟ್ರಾ ಬೇಕು. ಪ್ರತಿ ಕ್ವಾಯರ್‌ನಲ್ಲೂ ಹೆಂಗಸರ ಎತ್ತರದ ಸೊಪ್ರಾನೊ, ತಗ್ಗಿನ ಆಲ್ಟೊ, ಗಂಡಸರ ಎತ್ತರದ ಟೆನರ್, ತಗ್ಗಿನ ಬೇಸ್ ನಾಲ್ಕೂ ದನಿ. ನಮ್ಮಲ್ಲಿ ಇದ್ದದ್ದು ಎಪ್ಪತ್ತು ಜನ: ಸೊಪ್ರಾನೊ 22, ಆಲ್ಟೊ 24, ಬೇಸ್ 15, ಟೆನರ್ 9. ಒಂದೇ ಕ್ವಾಯರ್‌ನ ಕೃತಿಯಾಗಿದ್ದರೆ ಒಂಬತ್ತು ಟೆನರ್ ಹೇಗೋ ನಡೆಯುತ್ತಿತ್ತು. ಎರಡಾಗಿ ಒಡೆದರೆ ಒಂದು ಕಡೆ ಐವರು, ಇನ್ನೊಂದು ಕಡೆ ನಾಲ್ವರು. ಅದರಲ್ಲಿ ಒಬ್ಬರಿಗೆ ನೆಗಡಿಯಾದರೆ ಆ ಸಾಲೇ ಕೇಳಿಸದು. ಹಾಗಾಗಿ ಜನವರಿಯ ಹೊತ್ತಿಗೆ ಪಕ್ಕದೂರಿನ ಕ್ವಾಯರ್‌ಗಳಿಂದ ನಾಲ್ವರು ಟೆನರ್‌ಗಳನ್ನು ಕರೆತರಬೇಕಾಯಿತು. ಇದು ಎಲ್ಲ ಹವ್ಯಾಸಿ ಕ್ವಾಯರ್‌ಗಳ ಪಾಡು. ಬೇಗ ಕೇಳಿಕೊಂಡವರಿಗೆ ಟೆನರ್ ಸಿಗುತ್ತಾರೆ. ಮಾರ್ಚಿನಲ್ಲಿ ಕೇಳಿದರೆ ಅವರೆಲ್ಲ ಬೇರೆಲ್ಲೋ ಇದನ್ನೇ ಹಾಡಲು ಒಪ್ಪಿಕೊಂಡಿರುತ್ತಾರೆ.

ಒಡೆಯುವಾಗ ಗಟ್ಟಿ ದನಿಗಳನ್ನೆಲ್ಲ ಒಂದನೇ ಕ್ವಾಯರ್‌ಗೆ ಹಾಕುವ ಆಸೆಯನ್ನು ತಡೆಯಬೇಕು. ಪಿಕಾಂಡರನ ಪದ್ಯದಲ್ಲಿ ಒಂದನೆಯದು ಸಿಯೋನಿನ ಮಗಳು (ಅಂದರೆ ಯೆರೂಸಲೇಮ್), ಎರಡನೆಯದು ಭಕ್ತರ ಗುಂಪು. ಶಿಷ್ಯರ ಮಾತು ಒಂದನೆಯದಕ್ಕೆ. ಯೇಸುವನ್ನು ಬಿಡಿ, ಕಟ್ಟಬೇಡಿ ಎಂದು ಅಡ್ಡಬರುವ ಕೂಗು ಎರಡನೆಯದಕ್ಕೆ. ಎರಡನೇ ಕ್ವಾಯರ್‌ನ ಪಾಲು ಕಡಿಮೆ, ಆದರೆ ಅದು ಕಷ್ಟದ ಪಾಲು. ಮೊದಲನೇ ಸಂಖ್ಯೆಯಲ್ಲೇ (ಕೃತಿಯ ಬಿಡಿ ಭಾಗಗಳನ್ನು ಹೀಗೆ ಎಣಿಸುತ್ತಾರೆ) ಒಂದನೆಯವರು ‘ಜೇಹೆತ್’, ನೋಡಿರಿ, ಎಂದು ಕರೆದಾಗ ಎರಡನೆಯವರು ‘ವೇನ್?’, ಯಾರನ್ನು, ಎಂದು ಕೇಳಬೇಕು. ಒಂದೇ ಅಕ್ಷರ. ಆಮೇಲೆ ‘ವೀ?’, ಹೇಗೆ. ಮತ್ತೆ ಒಂದೇ ಅಕ್ಷರ. ಆ ಒಂದಕ್ಷರ ಸರಿಯಾದ ಜಾಗದಲ್ಲಿ ಬೀಳಲು ನಮಗೆ ಆರು ವಾರ ಹಿಡಿಯಿತು.

ಕಾರಣ ಲಯಜ್ಞಾನದ ಕೊರತೆಯಲ್ಲ, ದೂರ. ಎರಡು ಕ್ವಾಯರ್‌ಗಳ ನಡುವೆ ಹನ್ನೆರಡು ಮೀಟರ್ ಇದ್ದರೆ ಆ ಕಡೆಯ ದನಿ ಈ ಕಡೆಗೆ ತಲುಪಲು ಸೆಕೆಂಡಿನ ನೂರರಲ್ಲಿ ಮೂರೂವರೆ ಭಾಗ ಬೇಕು. ಅದನ್ನು ಕೇಳಿ ಆಮೇಲೆ ಬಾಯಿ ತೆರೆದರೆ ಇನ್ನಷ್ಟು ತಡ. ಕೇಳುಗರ ಕಿವಿಗೆ ಎಲ್ಲ ಪ್ರಶ್ನೆಗಳೂ ಎಳೆದಂತೆ, ಬೇಸರದಿಂದ ಕೇಳಿದಂತೆ ಕೇಳುತ್ತವೆ. ಮದ್ದು ಒಂದೇ: ಕಿವಿಯನ್ನು ನಂಬದೆ ನಿರ್ದೇಶಕರ ಕೋಲನ್ನು ನಂಬುವುದು. ಪಕ್ಕವಾದ್ಯದ ಕಡೆ ಕಿವಿಗೊಟ್ಟು ಹಾಡಿ ಬೆಳೆದವರಿಗೆ, ಅದರಲ್ಲೂ ಕರ್ನಾಟಕ ಸಂಗೀತ ಕಲಿತವರಿಗೆ, ಇದು ಮೈಗೆ ಒಗ್ಗಲು ಹೊತ್ತು ಬೇಕು. ನಾವು ತಾಲೀಮಿನ ಕೋಣೆಯಲ್ಲೇ ಎರಡು ಕ್ವಾಯರ್‌ಗಳನ್ನು ಎದುರುಬದುರು ಗೋಡೆಗೆ ನಿಲ್ಲಿಸಿ, ನಡುವೆ ಜಾಗ ಬಿಟ್ಟು ಅಭ್ಯಾಸ ಮಾಡಿದೆವು. ಒಟ್ಟಿಗೆ ಕೂತು ಕಲಿತವರು ಚರ್ಚಿಗೆ ಹೋದ ದಿನ ಕೆಡುತ್ತಾರೆ.

ಪುಸ್ತಕದ ವಿಷಯ ಮೊದಲ ದಿನವೇ ತೀರ್ಮಾನವಾಗಬೇಕು. ಹೊಸ ಮುದ್ರಣಗಳಲ್ಲಿ ಕೃತಿಗೆ 68 ಸಂಖ್ಯೆಗಳು, ಹಳೆಯವುಗಳಲ್ಲಿ 78. ಅಜ್ಜನ ಕಾಲದ ಪುಸ್ತಕ ತಂದವರಿಗೂ ಹೊಸ ಬೇರನ್‌ರೈಟರ್ ಪ್ರಕಾಶನದ್ದು ಕೊಂಡವರಿಗೂ ‘ಐವತ್ತನಾಲ್ಕು ತೆಗೆಯಿರಿ’ ಎಂದರೆ ಬೇರೆ ಬೇರೆ ಪುಟ. ಎರಡು ವಾರ ಪೆನ್ಸಿಲ್ಲಿನಲ್ಲಿ ಸಂಖ್ಯೆ ತಿದ್ದಿಕೊಳ್ಳುವುದಕ್ಕಿಂತ ಎಲ್ಲರೂ ಒಂದೇ ಮುದ್ರಣ ಕೊಳ್ಳುವುದು ಒಳ್ಳೆಯದು. ಬರೆಯಲು ಪೆನ್ಸಿಲ್ ಮಾತ್ರ. ಉಸಿರಿನ ಜಾಗಗಳು ಮಾರ್ಚಿನವರೆಗೂ ಬದಲಾಗುತ್ತಲೇ ಇರುತ್ತವೆ.

ವಾರಕ್ಕೆ ಒಂದು ಸಂಜೆ, ಎರಡೂಕಾಲು ಗಂಟೆ. ಕೊನೆಗೆ ಎರಡು ಶನಿವಾರ ಇಡೀ ದಿನ. ರಜೆ ಕಳೆದರೆ ಇಪ್ಪತ್ತನಾಲ್ಕು ತಾಲೀಮು. ಕಲಿಯುವ ಕ್ರಮ ಪುಸ್ತಕದ ಕ್ರಮವಲ್ಲ. ಮೊದಲು ಜನಜಂಗುಳಿಯ ಕೂಗುಗಳು: ‘ಲಾಸ್ ಇನ್ ಕ್ರೊಯ್ತ್ಸಿಗನ್’, ಅವನನ್ನು ಶಿಲುಬೆಗೆ ಹಾಕಿಸು, ‘ಜೈನ್ ಬ್ಲೂತ್’, ಅವನ ರಕ್ತ ನಮ್ಮ ಮೇಲಿರಲಿ, ದೇವಾಲಯ ಕೆಡವುವವನೇ ಎಂದು ಹಂಗಿಸುವ ದೊಡ್ಡ ಜೋಡಿ ಮೇಳ. ಇವು ಒಂದೊಂದು ನಿಮಿಷದವು, ಒಂದೊಂದಕ್ಕೂ ತಿಂಗಳು ಬೇಕು. ಶಿಲುಬೆಗೆ ಹಾಕಿಸು ಎಂಬುದು ಎರಡು ಸಲ ಬರುತ್ತದೆ, ಎರಡನೇ ಸಲ ಪೂರ್ತಿ ಒಂದು ಸ್ವರ ಮೇಲೆ. ಸ್ವರಗಳ ನಡಿಗೆ ಅದೇ ಆದ್ದರಿಂದ ನಾಲಿಗೆ ಹಳೆಯ ಎತ್ತರಕ್ಕೇ ಹೋಗುತ್ತದೆ. ನಾವು ಡಿಸೆಂಬರಿನವರೆಗೆ ಎರಡನೆಯದನ್ನು ಮಾತ್ರ ಕಲಿತು ಮೊದಲನೆಯದನ್ನು ಆಮೇಲೆ ತೆಗೆದೆವು. ಎತ್ತರದ್ದು ಗಂಟಲಲ್ಲಿ ಕೂತಿದ್ದರೆ ತಗ್ಗಿನದು ತಾನೇ ಬರುತ್ತದೆ.

ಕೋರಾಲ್‌ಗಳು ಸುಲಭ ಅಂದುಕೊಳ್ಳುವವರು ಬಹಳ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಇಂಥ ಜರ್ಮನ್ ರಾಗಗಳನ್ನು ಕನ್ನಡ ಕೀರ್ತನೆಗಳಿಗೂ ತಂದರು. ಕರಾವಳಿಯ, ಧಾರವಾಡದ ಹಳೆಯ ಸಭೆಗಳಲ್ಲಿ ಬೆಳೆದವರಿಗೆ ಆ ನಡಿಗೆ ಅಪರಿಚಿತವಲ್ಲ. ಆದರೆ ಬಾಖ್ ಆ ರಾಗದ ಅಡಿಯಲ್ಲಿ ಮೂರು ದನಿಗಳನ್ನು ನಡೆಸುವ ರೀತಿಯೇ ಬೇರೆ. ಗಾಯಗೊಂಡ ತಲೆಯ ಹಾಡು ಎಂದು ಎಲ್ಲರೂ ಬಲ್ಲ ರಾಗ ಇಲ್ಲಿ ಐದು ಸಲ ಬರುತ್ತದೆ, 15, 17, 44, 54 ಮತ್ತು 62ನೇ ಸಂಖ್ಯೆಗಳಲ್ಲಿ. ಹದಿನೈದಕ್ಕೂ ಹದಿನೇಳಕ್ಕೂ ಸ್ವರಜೋಡಣೆ ಒಂದೇ, ಆದರೆ ಎರಡನೆಯದು ಅರ್ಧ ಸ್ವರ ಕೆಳಗೆ. ನಡುವೆ ಶಿಷ್ಯ ಪೇತ್ರ ನಾನಂತೂ ನಿನ್ನ ಕೈಬಿಡೆನು ಎಂದು ಆಣೆಯಿಡುವ ಮಾತಿದೆ. ಅದು ಮುಗಿಯುವಾಗ ಆರ್ಗನ್ ಕೊಡುವ ಸ್ವರವನ್ನು ಕಿವಿಯಲ್ಲಿ ಹಿಡಿಯದಿದ್ದರೆ ಆಲ್ಟೊ ಸಾಲು ಹಳೆಯ ಶ್ರುತಿಯಲ್ಲೇ ಶುರುಮಾಡಿಬಿಡುತ್ತದೆ.

ನಮಗೆ ಅತಿ ಹೆಚ್ಚು ಭಯ ಇದ್ದದ್ದು 62ರ ಬಗ್ಗೆ. ಯೇಸು ಪ್ರಾಣ ಬಿಟ್ಟ ತಕ್ಷಣದ ಕೋರಾಲ್ ಅದು. ನಮ್ಮ ನಿರ್ದೇಶಕರು ವಾದ್ಯಗಳನ್ನು ನಿಲ್ಲಿಸಿ ಬರೀ ದನಿಯಲ್ಲಿ, ಬಹಳ ಮೆಲ್ಲಗೆ ಹಾಡಿಸುತ್ತಾರೆ. ಹಲವರು ಹಾಗೆ ಮಾಡುತ್ತಾರೆ. ಮೆಲ್ಲಗೆ ಹಾಡುವಾಗ ಉಸಿರಿನ ಒತ್ತಡ ಕಡಿಮೆಯಾಗುತ್ತದೆ, ದಣಿದ ಗಂಟಲು ಸಾಲಿನಿಂದ ಸಾಲಿಗೆ ಕೂದಲೆಳೆಯಷ್ಟು ಇಳಿಯುತ್ತದೆ. ಎಪ್ಪತ್ತು ಜನ ಒಟ್ಟಿಗೆ ಇಳಿಯುವುದರಿಂದ ಒಳಗಿದ್ದವರಿಗೆ ಗೊತ್ತೇ ಆಗದು. ಮುಗಿದ ಕೂಡಲೇ ದೇವಾಲಯದ ಪರದೆ ಹರಿಯುವ ಭಾಗ, ತಗ್ಗಿನ ದನಿಯ ದೊಡ್ಡ ಪಿಟೀಲಾದ ಚೆಲ್ಲೊ ಮತ್ತು ಆರ್ಗನ್ ಸಿಡಿಲಿನಂತೆ ಬರುತ್ತವೆ. ಆಗ ಇಡೀ ಚರ್ಚಿಗೆ ಗೊತ್ತಾಗುತ್ತದೆ ಕ್ವಾಯರ್ ಎಷ್ಟು ಜಾರಿತ್ತು ಎಂದು. ತಾಲೀಮಿನಲ್ಲಿ ಪ್ರತಿ ಸಲ ಕೋರಾಲ್ ಮುಗಿದ ಮೇಲೆ ಪಿಯಾನೊ ಒಂದು ಸ್ವರ ತಟ್ಟಿ ತೋರಿಸುತ್ತಿತ್ತು. ಮೊದಮೊದಲು ಅರ್ಧ ಸ್ವರ ಕೆಳಗೆ ಇರುತ್ತಿದ್ದೆವು. ಕೆಲಸ ಮಾಡಿದ ಉಪಾಯಗಳು ಎರಡು: ಇಳಿಯುವ ಸ್ವರಗಳಲ್ಲಿ ಹೆಜ್ಜೆ ಚಿಕ್ಕದಾಗಿಡುವುದು, ಏರುವಲ್ಲಿ ದೊಡ್ಡದಾಗಿಡುವುದು, ಮತ್ತು ಮೆಲ್ಲಗೆ ಹಾಡುವಾಗ ವ್ಯಂಜನಗಳನ್ನು ಇನ್ನೂ ಗಟ್ಟಿಯಾಗಿ ಉಚ್ಚರಿಸುವುದು. ವ್ಯಂಜನ ಗಟ್ಟಿಯಾದರೆ ಉಸಿರು ತಾನಾಗಿ ಎಚ್ಚರವಾಗಿರುತ್ತದೆ.

ಭಾಷೆಯ ಬಗ್ಗೆ ಕನ್ನಡಿಗರಿಗೆ ಎರಡು ಮಾತು. ಐಂಡ್‌ಹೋವನ್ ನಗರದ ಕಡೆ ಕೆಲಸಕ್ಕೆ ಬಂದವರಲ್ಲಿ ಹಾಡುವವರು ಇದ್ದಾರೆ, ಕ್ವಾಯರ್ ಸೇರಲು ಹಿಂಜರಿಯುತ್ತಾರೆ. ಹಿಂಜರಿಯುವ ಕಾರಣವಿಲ್ಲ. ಹ್ರಸ್ವ ದೀರ್ಘ ನಮಗೆ ಹುಟ್ಟಿನಿಂದ ಬಂದದ್ದು; ಅದು ಜರ್ಮನ್‌ನಲ್ಲಿ ಬಹಳ ನೆರವಾಗುತ್ತದೆ. ತೊಂದರೆ ಕೊಡುವುದು ತ, ಟ. ಜರ್ಮನ್‌ನ ಆ ಸದ್ದು ನಮ್ಮ ತ ಕೂಡ ಅಲ್ಲ, ಟ ಕೂಡ ಅಲ್ಲ. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದಿನ ದಿಂಡಿಗೆ ತಾಗಬೇಕು. ನಾಲಿಗೆ ಮಡಚಿ ಟ ಅಂದರೆ ಕೋರಾಲ್‌ನ ಸಾಲಿನ ಕೊನೆಯಲ್ಲಿ ಒಬ್ಬರದೇ ಎದ್ದು ಕೇಳುತ್ತದೆ. ‘ನಾನು’ ಎಂಬರ್ಥದ ‘ಇಷ್’ ಪದದ ಕೊನೆಯ ಸದ್ದು ನಮ್ಮಲ್ಲಿಲ್ಲ: ಈ ಎಂದು ಹೇಳುವ ಜಾಗದಲ್ಲೇ ನಾಲಿಗೆ ಇಟ್ಟು ಗಾಳಿ ಮಾತ್ರ ಬಿಡಬೇಕು. ಡಚ್ಚರಿಗೂ ಇಲ್ಲಿ ಕಷ್ಟ, ಅವರು ತಮ್ಮ ಗಂಟಲಿನ ಸದ್ದನ್ನು ತರುತ್ತಾರೆ. ಇನ್ನು ಗಮಕ. ಸ್ವರವನ್ನು ಅಲುಗಿಸುವ ಅಭ್ಯಾಸ ಇರುವ ಗಂಟಲನ್ನು ಕಂಬದಂತೆ ನಿಲ್ಲಿಸಬೇಕು, ಏಕೆಂದರೆ ಉಳಿದ ಮೂರು ದನಿಗಳು ಆ ಸ್ವರಕ್ಕೆ ಒರಗಿ ನಿಂತಿರುತ್ತವೆ.

ಆರ್ಕೆಸ್ಟ್ರಾದವರು ಹಣ ಪಡೆದು ನುಡಿಸುವ ವೃತ್ತಿಯವರು, ಬರುವುದು ಕೊನೆಯ ಎರಡು ದಿನ. ಪ್ರತಿ ಆರ್ಕೆಸ್ಟ್ರಾಕ್ಕೆ ಎರಡು ಕೊಳಲು, ಶಹನಾಯಿಯ ಬಗೆಯ ಓಬೊ ಎರಡು, ಮೊದಲ ಪಿಟೀಲು ಮೂರು, ಎರಡನೇ ಪಿಟೀಲು ಮೂರು, ವಯೋಲಾ ಎರಡು, ಚೆಲ್ಲೊ ಎರಡು, ಡಬಲ್ ಬೇಸ್ ಒಂದು, ಪೆಟ್ಟಿಗೆ ಆರ್ಗನ್ ಒಂದು. ಹದಿನಾರು ಜನ, ಎರಡು ಸೇರಿ ಮೂವತ್ತೆರಡು, ಮೇಲೆ ಕಾಲುಗಳ ನಡುವೆ ಹಿಡಿದು ನುಡಿಸುವ ಹಳೆಯ ತಂತಿವಾದ್ಯವಾದ ಗಾಂಬಾದ ವಾದಕಿ ಒಬ್ಬರು. ತುತ್ತೂರಿ, ನಗಾರಿ ಇಲ್ಲವೇ ಇಲ್ಲ. ಒಂದನೇ ಆರ್ಕೆಸ್ಟ್ರಾದಲ್ಲಿ ಓಬೊ ನುಡಿಸುವವರ ಕಾಲ ಬಳಿ ಒಬ್ಬೊಬ್ಬರಿಗೂ ಮೂರು ವಾದ್ಯ: ಸಾಧಾರಣ ಓಬೊ, ಓಬೊ ದಾಮೋರೆ, ಮತ್ತು ಚರ್ಮ ಸುತ್ತಿದ ಬಾಗಿದ ಕೊಳವೆಗೆ ಹಿತ್ತಾಳೆಯ ಬಾಯಿ ಇರುವ ಓಬೊ ದಾ ಕಾಚಾ. ನೆಲದ ಮೇಲೆ ಅರ್ಧ ಗಂಟೆ ಇದ್ದ ವಾದ್ಯ ತಣ್ಣಗಾಗಿ ಶ್ರುತಿ ಇಳಿಯುತ್ತದೆ. ಅದಕ್ಕೇ ಅವರು ತಮ್ಮ ಸರದಿಗೆ ಎರಡು ನಿಮಿಷ ಮುಂಚೆ ಅದನ್ನೆತ್ತಿ ಕಂಕುಳಲ್ಲಿಟ್ಟು, ಸದ್ದಿಲ್ಲದೆ ಬೆಚ್ಚನೆ ಉಸಿರು ಊದುತ್ತ ಕೂರುತ್ತಾರೆ.

ಶ್ರುತಿಯದೇ ದೊಡ್ಡ ಪೆಟ್ಟು. ಹಳೆಯ ಬಗೆಯ ವಾದ್ಯಗಳವರು ‘ಎ’ ಸ್ವರವನ್ನು 415 ಹರ್ಟ್ಸ್‌ಗೆ ಇಟ್ಟುಕೊಳ್ಳುತ್ತಾರೆ, ನಮ್ಮ ಪಿಯಾನೊ 440. ಹಾರ್ಮೋನಿಯಂನಲ್ಲಿ ಪಕ್ಕದ ಒಂದು ಮನೆಯಷ್ಟು ವ್ಯತ್ಯಾಸ. ಆರು ತಿಂಗಳು ಒಂದು ಎತ್ತರದಲ್ಲಿ ಕಲಿತದ್ದನ್ನು ಕೊನೆಯ ಎರಡು ದಿನ ಕೆಳಗೆ ಹಾಡಬೇಕು. ಸೊಪ್ರಾನೊಗಳಿಗೆ ಹಗುರ, ಬೇಸ್‌ಗಳಿಗೆ ತಳ ಸಿಗದು, ನಿಖರ ಸ್ವರಜ್ಞಾನ ಇರುವವರಿಗಂತೂ ಪುಸ್ತಕ ಒಂದು ಹೇಳಿದರೆ ಕಿವಿ ಇನ್ನೊಂದು ಹೇಳುತ್ತದೆ. ಫೆಬ್ರವರಿಯಿಂದಲೇ ಎಲೆಕ್ಟ್ರಿಕ್ ಪಿಯಾನೊ ತಂದು ಗುಂಡಿ ಒತ್ತಿ ಶ್ರುತಿ ಇಳಿಸಿ ಅಭ್ಯಾಸ ಮಾಡಿದರೆ ಈ ಸಂಕಟವಿಲ್ಲ. ಇದನ್ನು ಮಾಡದ ಕ್ವಾಯರ್‌ಗಳು ಇನ್ನೂ ಇವೆ ಎಂಬುದು ನಮಗೆ ಅರ್ಥವಾಗುವುದಿಲ್ಲ.

ಒಂಟಿ ಗಾಯಕರು ಆರು ಜನ: ಕಥೆ ಹೇಳುವ ಸುವಾರ್ತಿಕ ಟೆನರ್, ಯೇಸುವಿನ ಬೇಸ್, ಏರಿಯಾ ಎಂಬ ಒಂಟಿ ಹಾಡುಗಳಿಗೆ ನಾಲ್ವರು. ರೋಮನ್ ಅಧಿಪತಿ ಪಿಲಾತ, ಪೇತ್ರ, ಯೂದ, ಇಬ್ಬರು ದಾಸಿಯರು, ಇಬ್ಬರು ಸುಳ್ಳುಸಾಕ್ಷಿಗಳು ಇವರನ್ನು ಹಂಚಿಕೊಳ್ಳಬೇಕು. ದಾಸಿಯರು ನಮ್ಮ ಕ್ವಾಯರ್‌ನ ಸೊಪ್ರಾನೊಗಳೇ. ಬಾಖ್‌ನ ಕಾಲದಲ್ಲಿ ಈ ವಿಂಗಡಣೆ ಇರಲಿಲ್ಲ. ಲೈಪ್ಜಿಗ್‌ನ ಸಂತ ಥೋಮಸರ ಚರ್ಚಿನಲ್ಲಿ 1727ರ ಏಪ್ರಿಲ್ 11ರಂದು ಮೊದಲ ಸಲ ಹಾಡಿದಾಗ ಸ್ತ್ರೀಯರು ಇರಲಿಲ್ಲ. ಮೇಲಿನ ದನಿಗಳು ಹುಡುಗರವು. 1736ರ ಹಾಡಿಕೆಗೆ ಬರೆದ ಹಾಳೆಗಳಲ್ಲಿ ಸುವಾರ್ತಿಕನ ಮಾತು ಒಂದನೇ ಕ್ವಾಯರ್‌ನ ಟೆನರ್ ಪುಸ್ತಕದಲ್ಲೇ ಇದೆ. ಅಂದರೆ ಕಥೆ ಹೇಳಿದವನೇ ಕೂಗುವ ಗುಂಪಿನಲ್ಲೂ ಹಾಡಿದ. ಇಂದಿನ ಸುವಾರ್ತಿಕರು ಅದನ್ನು ಕೇಳಿ ತಲೆಯಾಡಿಸುತ್ತಾರೆ. ಹವ್ಯಾಸಿಗಳ ಪರಂಪರೆ ಬಂದದ್ದು 1829ರ ಮಾರ್ಚ್ 11ರಂದು, ಬರ್ಲಿನ್ನಿನಲ್ಲಿ ಇಪ್ಪತ್ತು ವರ್ಷದ ಫೆಲಿಕ್ಸ್ ಮೆಂಡೆಲ್ಸನ್ ಸಿಂಗ್‌ಅಕಾಡೆಮಿಯ ನೂರೈವತ್ತರಷ್ಟು ಹವ್ಯಾಸಿ ಗಾಯಕರಿಂದ, ಬಹಳಷ್ಟು ಕತ್ತರಿಸಿ, ಇದನ್ನು ಮತ್ತೆ ಹಾಡಿಸಿದಾಗ. ಅವರ ಸಾಲಿಗೆ ಸೇರಿದವರು ನಾವು.

ಸುವಾರ್ತಿಕನ ಮಾತಿಗೆ ನಿರ್ದೇಶಕರು ಕೋಲು ಬೀಸುವುದಿಲ್ಲ. ಆರ್ಗನ್ ಮತ್ತು ಚೆಲ್ಲೊದವರು ಅವನ ತುಟಿ ನೋಡಿ ನುಡಿಸುತ್ತಾರೆ, ಅವನಿಗೆ ಕೆಮ್ಮು ಬಂದರೆ ಕಾಯುತ್ತಾರೆ. ಯೇಸು ಮಾತಾಡುವಾಗ ತಂತಿವಾದ್ಯಗಳೆಲ್ಲ ಪ್ರಭೆಯಂತೆ ಸುತ್ತ ನಿಲ್ಲುತ್ತವೆ. ಕೊನೆಯಲ್ಲಿ ‘ಏಲೀ, ಏಲೀ, ಲಮಾ ಸಬಕ್ತಾನೀ’, ನನ್ನ ದೇವರೇ ಯಾಕೆ ನನ್ನನ್ನು ಕೈಬಿಟ್ಟೆ, ಎನ್ನುವಾಗ ಮಾತ್ರ ಆ ಪ್ರಭೆ ಇಲ್ಲ. ಪಿಟೀಲಿನವರು ಬಿಲ್ಲನ್ನು ತೊಡೆಯ ಮೇಲಿಟ್ಟು ತಲೆ ತಗ್ಗಿಸಿರುತ್ತಾರೆ. ತಾಲೀಮಿನಲ್ಲಿ ಎಷ್ಟು ಸಲ ಕೇಳಿದ್ದರೂ ಅದು ಎದೆಗೆ ತಾಗುತ್ತದೆ.

ಕ್ವಾಯರ್ ಬಾಯಿ ತೆರೆಯುವುದು ಒಟ್ಟು ಸುಮಾರು ಒಂದು ಗಂಟೆ. ಉಳಿದದ್ದು ಕಾಯುವುದು, ಮತ್ತು ಈ ಕೃತಿಯನ್ನು ಹಾಡಲು ಕಲಿಯುವುದೆಂದರೆ ಮುಖ್ಯವಾಗಿ ಕಾಯಲು ಕಲಿಯುವುದು. ಶಿಲುಬೆಗೆ ಹಾಕಿಸು ಎಂಬ ಎರಡು ಕೂಗುಗಳ ನಡುವೆ ಸೊಪ್ರಾನೊ ಏರಿಯಾ ಇದೆ, ಪ್ರೀತಿಯಿಂದಲೇ ನನ್ನ ರಕ್ಷಕ ಸಾಯುವನು ಎಂಬುದು. ಅದಕ್ಕೆ ಕೊಳಲು ಒಂದು, ದಾ ಕಾಚಾ ಎರಡು, ತಳದ ವಾದ್ಯವೇ ಇಲ್ಲ. ಐದು ನಿಮಿಷ ಚರ್ಚು ಉಸಿರು ಹಿಡಿದಿರುತ್ತದೆ. ಅದು ಮುಗಿದ ಮೇಲೆ ಸುವಾರ್ತಿಕನದು ಒಂದೇ ಸಾಲು, ಆಮೇಲೆ ಎಪ್ಪತ್ತು ಜನ ಒಂದು ಸ್ವರ ಮೇಲಿನ ಶ್ರುತಿಯಲ್ಲಿ ಕಿರುಚಬೇಕು. ಮೈ ಸಡಿಲಬಿಟ್ಟು ಸಂಗೀತ ಸವಿಯುತ್ತ ಕೂತವರ ಗಂಟಲು ಆ ಹೊತ್ತಿಗೆ ತಣ್ಣಗಾಗಿರುತ್ತದೆ. ಕೊನೆಯ ಸಾಲುಗಳಲ್ಲಿ ಬೆನ್ನು ನೆಟ್ಟಗೆ ಮಾಡಿ, ಬಾಯಿ ಮುಚ್ಚಿ ಆಳವಾಗಿ ಉಸಿರೆಳೆದು, ನಾಲಿಗೆ ಒದ್ದೆ ಮಾಡಿಕೊಳ್ಳಬೇಕು. ಪುಟ ಮೊದಲೇ ತಿರುಗಿಸಿರಬೇಕು. ಎಪ್ಪತ್ತು ಹಾಳೆ ಒಟ್ಟಿಗೆ ಸರಿದರೆ ಮಳೆ ಬಂದ ಸದ್ದು.

ಏಳುವುದನ್ನೂ ಬರೆದಿಟ್ಟುಕೊಂಡಿದ್ದೆವು. ಯೇಸುವಿನ ಬದಲು ಬಿಡಿಸಲು ಜನ ಬರಬ್ಬನೆಂಬ ಕೈದಿಯನ್ನು ಕೇಳುವ ಜಾಗದಲ್ಲಿ ಕ್ವಾಯರ್‌ಗಿರುವುದು ‘ಬರಬ್ಬಮ್!’ ಎಂಬ ಒಂದೇ ಪದ, ಡಿಮಿನಿಶ್ಡ್ ಸೆವೆಂತ್ ಎಂಬ ಕರ್ಕಶ ಜೋಡಣೆ. ಪಿಲಾತನ ಪ್ರಶ್ನೆ ಮುಗಿದ ಮೇಲೆ ಎದ್ದರೆ ಕುರ್ಚಿಯ ಸದ್ದೇ ಮೊದಲು ಕೇಳುತ್ತದೆ. ಆದ್ದರಿಂದ ಅದಕ್ಕೂ ಬಹಳ ಮುಂಚೆ, ಪಿಲಾತನ ಹೆಂಡತಿ ಹೇಳಿಕಳಿಸುವ ಮಾತಿನ ಮೊದಲೇ, ಸಾಲುಸಾಲಾಗಿ ಎದ್ದು ನಿಂತಿರಬೇಕು. ತನ್ನ ಸ್ವರ ಯಾರ ಕೊನೆಯ ಸ್ವರದಿಂದ ಎಷ್ಟು ದೂರ ಎಂಬುದನ್ನು ಪ್ರತಿಯೊಬ್ಬರೂ ಪೆನ್ಸಿಲ್ಲಿನಲ್ಲಿ ಗುರುತು ಹಾಕಿರಬೇಕು. ಮೊದಲ ಭಾಗದ ಸಿಡಿಲು ಮಿಂಚುಗಳ ಮೇಳದಲ್ಲಿ ಇದರ ತಿರುವುಮುರುವು: ಬಿರುಸಾಗಿ ಓಡುತ್ತಿದ್ದ ಎಲ್ಲ ದನಿಗಳೂ ಇದ್ದಕ್ಕಿದ್ದಂತೆ ನಿಲ್ಲುತ್ತವೆ. ಆ ಖಾಲಿಯಲ್ಲಿ ಯಾರಾದರೂ ಒಬ್ಬರು ಹಾಡಿಬಿಡುವುದು ಪ್ರತಿ ಕ್ವಾಯರ್‌ನ ದುಃಸ್ವಪ್ನ. ನಮ್ಮ ಕೊನೆಯ ಶನಿವಾರದ ತಾಲೀಮಿನಲ್ಲೂ ಆಯಿತು. ಆ ಪುಟದ ಮೇಲೆ ಎಲ್ಲರೂ ದೊಡ್ಡ ಕನ್ನಡಕದ ಚಿತ್ರ ಬರೆದುಕೊಂಡೆವು. ಇಲ್ಲಿಯ ಕ್ವಾಯರ್‌ಗಳಲ್ಲಿ ಅದರರ್ಥ ತಲೆಯೆತ್ತಿ ನೋಡು ಎಂದು.

ಹಾಡುವ ದಿನದ ಮಧ್ಯಾಹ್ನ ಚರ್ಚಿನಲ್ಲಿ ಕೊನೆಯ ತಾಲೀಮು. ಕೃತಿಯ ಕ್ರಮದಲ್ಲಿ ಹೋದರೆ ಸಂಜೆಗೆ ಯಾರಲ್ಲೂ ದನಿ ಉಳಿಯದು. ಮೊದಲು ಮಕ್ಕಳ ಮೇಳ, ಏಕೆಂದರೆ ಅವರು ಬರುವುದು 1 ಮತ್ತು 29ರಲ್ಲಿ ಮಾತ್ರ. ಎರಡು ದೊಡ್ಡ ಕ್ವಾಯರ್‌ಗಳು ಇ ಮೈನರ್‌ನಲ್ಲಿ ಅಳುತ್ತಿರುವಾಗ ಅವುಗಳ ಮೇಲೆ ದೇವರ ನಿರ್ದೋಷ ಕುರಿಮರಿಯ ಕೋರಾಲನ್ನು ಜಿ ಮೇಜರ್‌ನಲ್ಲಿ ತೇಲಿಸುವವರು ಅವರು. ಅವರನ್ನು ಆರ್ಗನ್ ಅಟ್ಟದ ಮೇಲೆ ನಿಲ್ಲಿಸಿದರೆ ಸೊಗಸು, ಆದರೆ ದೂರದ ಸಮಸ್ಯೆ ಇಮ್ಮಡಿ. ಅಲ್ಲೊಬ್ಬರು ಉಪನಿರ್ದೇಶಕರು ಬೇಕು, ಮಕ್ಕಳು ಕೊಂಚ ಮುಂಚಿತವಾಗಿ ಹಾಡಬೇಕು. ಮಧ್ಯಂತರದಲ್ಲಿ ಅವರು ಮನೆಗೆ ಮಲಗಲು ಹೋಗುತ್ತಾರೆ. ಆಮೇಲೆ ಜೋಡಿ ಮೇಳಗಳ ಆರಂಭ ಮತ್ತು ಅಂತ್ಯಗಳನ್ನು ಮಾತ್ರ ಹಾಡಿ, ಕ್ವಾಯರನ್ನು ಬಿಡುವಿಗೆ ಕಳಿಸಿ, ಏರಿಯಾಗಳು. ಯಾರೂ ಪೂರ್ತಿ ದನಿಯಲ್ಲಿ ಹಾಡುವಂತಿಲ್ಲ.

ಉಣ್ಣಲು ಬ್ರೆಡ್ಡು, ಸೂಪು. ಹಾಲಿನ ಪದಾರ್ಥ ಬೇಡ, ಗಂಟಲಿಗೆ ಕಫ ಕಟ್ಟುತ್ತದೆ ಎನ್ನುವವರು ಹೆಚ್ಚು. ಕಪ್ಪು ಬಟ್ಟೆಯೊಳಗೆ ಬೆಚ್ಚನೆಯ ಬನಿಯನ್ ಕಡ್ಡಾಯ. ಕಲ್ಲಿನ ಚರ್ಚು ಏಪ್ರಿಲ್‌ನಲ್ಲೂ ಕೊರೆಯುತ್ತದೆ. ನಿಂತಾಗ ಮೊಣಕಾಲು ಬಿಗಿದು ನಿಂತವರು ತಲೆಸುತ್ತಿ ಬೀಳುತ್ತಾರೆ, ಸ್ವಲ್ಪ ಬಗ್ಗಿಸಿರಬೇಕು.

ಎಲ್ಲರಿಗಿಂತ ಹೆಚ್ಚು ಕಾಯುವವರು ಗಾಂಬಾ ವಾದಕಿ. ಕೆಲವರು 34, 35ರಲ್ಲೂ ಆ ವಾದ್ಯ ಬಳಸುತ್ತಾರೆ; ನಮ್ಮಲ್ಲಿ ಅವರ ಸರದಿ ಬರುವುದು 56ಕ್ಕೆ, ಎರಡನೇ ಭಾಗದ ಅರ್ಧ ಕಳೆದ ಮೇಲೆ. ಕರುಳಿನ ತಂತಿಗಳು ಜನರ ಉಸಿರಿನ ತೇವಕ್ಕೆ ಅಷ್ಟರಲ್ಲಿ ಎರಡು ಮೂರು ಸಲ ಜಾರಿರುತ್ತವೆ. ಅವರು ಕೋರಾಲ್‌ಗಳ ಗಟ್ಟಿ ಸದ್ದಿನ ಮರೆಯಲ್ಲಿ ಬೆರಳಿನಿಂದ ಮೀಟಿ, ಕಿವಿಯನ್ನು ವಾದ್ಯಕ್ಕೆ ಒತ್ತಿ ಶ್ರುತಿ ಮಾಡಿಕೊಳ್ಳುವುದನ್ನು ಆಲ್ಟೊಗಳ ಮುಂದಿನ ಸಾಲಿನಿಂದ ನೋಡಬಹುದು. ಆಮೇಲೆ ಶಿಲುಬೆ ಹೊರುವ ಏರಿಯಾ, ‘ಕೊಮ್ ಜ್ಯೂಸೆಸ್ ಕ್ರೊಯ್ತ್ಸ್’. ಎಡವುತ್ತ ನಡೆಯುವ ಹೆಜ್ಜೆಯಂಥ ಲಯ, ಒಂದೇ ಬಿಲ್ಲಿಗೆ ಮೂರು ನಾಲ್ಕು ತಂತಿ. ತಣ್ಣನೆಯ ಕೈಯಿಂದ ನೇರ ಅದಕ್ಕೇ ಇಳಿಯಬೇಕು. ಅವರು ಇಡೀ ಮೊದಲ ಭಾಗ ಕೈಗವಸು ಹಾಕಿಕೊಂಡು ಕೂತಿದ್ದರು.

ಕೊನೆಯ ಮೇಳ ಕಣ್ಣೀರಿಟ್ಟು ಕೂರುತ್ತೇವೆ ಎನ್ನುವುದು, ಸಿ ಮೈನರ್. ಮೊದಲ ಭಾಗ ಮತ್ತೆ ಬರುತ್ತದೆ. ದಣಿದ ಕ್ವಾಯರ್ ಎರಡನೇ ಸಲ ನಿಧಾನವಾಗುತ್ತದೆ, ಆಗ ಜೋಗುಳ ಹೋಗಿ ಬರೀ ಭಾರ ಉಳಿಯುತ್ತದೆ. ಅದಕ್ಕಾಗಿ ಬೇಸ್‌ಗಳು ಪ್ರತಿ ಮೂರರ ಎಣಿಕೆಯ ಮೊದಲನೆಯದನ್ನು ಹಗುರವಾಗಿ ಎತ್ತಿಕೊಡಬೇಕು. ಕೊನೆಯ ಸ್ವರಮೇಳದಲ್ಲಿ ಮೇಲಿನ ವಾದ್ಯಗಳು ಷಡ್ಜಕ್ಕೆ ಬರುವ ಮೊದಲು ಕಾಕಲಿ ನಿಷಾದದ ಮೇಲೆ ಒಂದು ಗಳಿಗೆ ನಿಂತು, ಇಡೀ ಮೇಳಕ್ಕೆ ಉಜ್ಜುತ್ತವೆ. ಅದು ಬಿಡುಗಡೆಯಾದ ಮೇಲೂ ನಿರ್ದೇಶಕರ ಕೈ ಇಳಿಯುವವರೆಗೆ ಪುಸ್ತಕ ಮುಚ್ಚಬಾರದು. ನಮ್ಮೂರಿನ ಚರ್ಚಿನಲ್ಲಿ ಶುಭ ಶುಕ್ರವಾರ ಚಪ್ಪಾಳೆ ಇಲ್ಲ. ಜನ ಎದ್ದು ನಿಲ್ಲುತ್ತಾರೆ, ಆಮೇಲೆ ಸದ್ದಿಲ್ಲದೆ ಹೊರಡುತ್ತಾರೆ.

ವೇದಿಕೆಯ ಹಲಗೆಗಳನ್ನು ಆ ರಾತ್ರಿಯೇ ಬಿಚ್ಚಬೇಕು, ಮರುದಿನ ರಾತ್ರಿ ಅಲ್ಲಿ ಈಸ್ಟರ್ ಜಾಗರಣೆ. ಹನ್ನೆರಡು ಹಲಗೆ, ನಲವತ್ತೆಂಟು ಕಾಲು, ಒಂದೊಂದಕ್ಕೂ ಒಂದು ತಿರುಪು. ಟೆನರ್‌ಗಳು ಒಂದು ತುದಿಯಿಂದ, ಬೇಸ್‌ಗಳು ಇನ್ನೊಂದು ತುದಿಯಿಂದ ಶುರುಮಾಡಿದರೆ ನಲವತ್ತು ನಿಮಿಷದ ಕೆಲಸ.